ಮಳೆ ರಜೆಯಲ್ಲಿ ಗೇಮ್: ಆಡ್ತಾ ಆಡ್ತಾ ಸುದ್ದಿ, ವಿಜ್ಞಾನ ಬಿಡಿಸಿಕೊಳ್ಳೋದು ಹೇಗೆ

ಜುಲೈ ಬಂತು ಅಂದ್ರೆ ಕೊಡಗಿನಲ್ಲಿ ಬೆಳಗ್ಗೆ ಎದ್ದವರು ಮೊದಲು ನೋಡೋದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರಾ ಅಂತ. ಕೊಟ್ಟರು ಅಂದ್ರೆ ಮುಗೀತು. ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ, ದೊಡ್ಡವರು ಎಲ್ಲಿ ಬರೆ (ಗುಡ್ಡದ ಇಳಿಜಾರು) ಜರಿಯಿತು, ಯಾವ ರಸ್ತೆ ಬಂದ್ ಆಯಿತು ಅಂತ ಫೋನ್ ಉಜ್ಜುತ್ತಾ ಕೂರುತ್ತಾರೆ. ಒಬ್ಬರ ಕೈಯಲ್ಲಿ ಗೇಮ್, ಇನ್ನೊಬ್ಬರ ಕೈಯಲ್ಲಿ ಸುದ್ದಿ. ಇವೆರಡನ್ನೂ ಒಂದೇ ಮೇಜಿಗೆ ತರೋದು ಹೇಗೆ ಅಂತ ಹೇಳೋದಕ್ಕೆ ಈ ಬರಹ.

ಗೇಮ್ ಅಂದ ಕೂಡಲೇ ಬಂದೂಕು, ಕಾರ್ ರೇಸು, ರಮ್ಮಿ ಇಷ್ಟೇ ನೆನಪಾಗುವವರು ಸ್ವಲ್ಪ ತಡೀರಿ. (ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ ಬಾಗಿಲು ಹಾಕಿದೆ, ಅದರ ಸಹವಾಸ ನಮಗೆ ಬೇಡ.) 2003ರಲ್ಲಿ ಉರುಗ್ವೆ ದೇಶದ ಗೊನ್ಜಾಲೊ ಫ್ರಾಸ್ಕಾ ‘ಸೆಪ್ಟೆಂಬರ್ 12’ ಅಂತ ಒಂದು ಪುಟ್ಟ ಗೇಮ್ ಮಾಡಿದರು. ತೆರೆ ಮೇಲೆ ಒಂದು ಊರು, ಸಂತೆ, ಓಡಾಡೋ ಜನ, ನಡುನಡುವೆ ಒಬ್ಬೊಬ್ಬ ಭಯೋತ್ಪಾದಕ. ನೀವು ಕ್ಷಿಪಣಿ ಬಿಡಬಹುದು. ಆದರೆ ಅದು ಬಂದು ಬೀಳುವಷ್ಟರಲ್ಲಿ ಜನ ಆಚೀಚೆ ಆಗಿರುತ್ತಾರೆ, ಸಂಬಂಧ ಇಲ್ಲದವರೂ ಸಾಯುತ್ತಾರೆ. ಸತ್ತವರ ಪಕ್ಕ ಕೂತು ಅತ್ತವರು ಮೇಲೇಳುವಾಗ ತಾವೇ ಭಯೋತ್ಪಾದಕರಾಗಿರುತ್ತಾರೆ. ಹೊಡೆದಷ್ಟೂ ಜಾಸ್ತಿ ಆಗುತ್ತಾರೆ, ಗೆಲ್ಲೋ ದಾರಿಯೇ ಇಲ್ಲ. ಪತ್ರಿಕೆಯಲ್ಲಿ ಸಂಪಾದಕೀಯ ಬರೆಯಬಹುದಾಗಿದ್ದ ಮಾತನ್ನು ಅವರು ಆಟದ ನಿಯಮ ಮಾಡಿಬಿಟ್ಟರು.

ನಾನು ಹೇಳೋದು ಇಷ್ಟೇ. ಪ್ರತಿ ಗೇಮ್ ಒಳಗೂ ಯಾರೋ ಬರೆದಿಟ್ಟ ನಿಯಮ ಇರುತ್ತದೆ, ಲೋಕ ಹೀಗೆ ನಡೆಯುತ್ತೆ ಅಂತ ಅವರು ನಂಬಿದ್ದು ಅದರೊಳಗೆ ಇರುತ್ತದೆ. ಆಡುವಾಗ ಆ ನಿಯಮ ಹಿಡೀಬೇಕು. ಆಮೇಲೆ ನಮ್ಮ ಊರಿನ ಲೆಕ್ಕದ ಜೊತೆ ತಾಳೆ ನೋಡಬೇಕು. ಎಲ್ಲಿ ತಾಳೆ ಆಗಲ್ವೋ ಅಲ್ಲೇ ಕಲಿಯೋದು ಇರೋದು.

ಮೊದಲು ಪ್ರಶ್ನೆ, ಆಮೇಲೆ ಗೇಮ್

‘ಒಳ್ಳೆ ಶೈಕ್ಷಣಿಕ ಗೇಮ್ ಹೇಳಿ’ ಅಂತ ಕೇಳುವವರೇ ಜಾಸ್ತಿ. ಅಲ್ಲಿಂದ ಶುರು ಮಾಡಿದರೆ ಹತ್ತು ನಿಮಿಷಕ್ಕೆ ಬೇಜಾರು ಬರುತ್ತದೆ. ಮನೆಯಲ್ಲಿ ಆಗಲೇ ಚರ್ಚೆ ಆಗುತ್ತಿರೋ ಒಂದು ವಿಷಯ ತಗೊಳ್ಳಿ. ಚಂದ್ರಯಾನ ಯಾಕೆ ಅಷ್ಟು ಸುತ್ತು ಹೊಡೀತು? ವಾಟ್ಸಾಪ್‌ನಲ್ಲಿ ಬಂದಿದ್ದನ್ನ ಅಜ್ಜ ಯಾಕೆ ನಂಬಿಬಿಡ್ತಾರೆ? ಗುಡ್ಡದ ಬುಡದಲ್ಲಿ ಮನೆ ಕಟ್ಟೋದನ್ನ ಯಾರೂ ಯಾಕೆ ತಡೆಯಲ್ಲ? ಇಂಥ ಒಂದು ಪ್ರಶ್ನೆಯನ್ನು ಹಾಳೆಯ ತಲೆಗೆ ಬರೆದಿಡಿ. ಕೆಳಗೆ ‘ನಮಗೆ ಏನು ಅನ್ಸುತ್ತೆ’ ಅಂತ ಮನೆಮಂದಿ ಒಬ್ಬೊಬ್ಬರೂ ಒಂದು ಸಾಲು ಬರೀರಿ. ಗೇಮ್ ಆಮೇಲೆ.

ಹಾಳೆ ಯಾಕೆ ಅಂದ್ರೆ, ಆಡಿದ ಮೇಲೆ ಎಲ್ಲರೂ ‘ನನಗೆ ಮೊದಲೇ ಗೊತ್ತಿತ್ತು’ ಅಂತಾರೆ.

ಕರೆಂಟ್ ಇರುವಾಗಲೇ ತಯಾರಿ

ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಟವರ್‌ನ ಜನರೇಟರ್‌ಗೆ ಡೀಸೆಲ್ ಮುಗಿದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಹಾಗಾಗಿ ಡೌನ್‌ಲೋಡ್ ಮಾಡಬೇಕಾದ್ದನ್ನೆಲ್ಲ ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ. ಬ್ರೌಸರ್‌ನಲ್ಲೇ ಆಡೋ ಗೇಮ್‌ಗಳಿಗೆ ದುಡ್ಡೂ ಬೇಡ, ಒಳ್ಳೆ ಕಂಪ್ಯೂಟರೂ ಬೇಡ, ಆದರೆ ನೆಟ್ ಬೇಕು. ದುಡ್ಡು ಕೊಟ್ಟು ಇಳಿಸಿಕೊಳ್ಳುವಂಥವು ಒಮ್ಮೆ ಬಂದರೆ ಆಮೇಲೆ ನೆಟ್ ಇಲ್ಲದೆಯೂ ನಡೆಯುತ್ತವೆ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ವರ್ಷಕ್ಕೆ ಕೆಲವು ಸಲ ದೊಡ್ಡ ರಿಯಾಯಿತಿ ಬರುತ್ತದೆ, ಅಲ್ಲಿವರೆಗೆ ಕಾಯಿರಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ ಅಂದ್ರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಒಮ್ಮೆ ವಿಚಾರಿಸಿ, ಸುಮಾರು ಕಡೆ ಕಂಪ್ಯೂಟರ್ ಬಂದಿದೆ.

ಇನ್ನೆರಡು ವಿಷಯ. ಹಳೆಯ ಸುದ್ದಿ ಗೇಮ್‌ಗಳಲ್ಲಿ ಹೆಚ್ಚಿನವು ಫ್ಲಾಶ್ ಅನ್ನೋ ಹಳೆಯ ತಂತ್ರಾಂಶದಲ್ಲಿ ಮಾಡಿದ್ದವು, 2020ರ ಕೊನೆಗೆ ಫ್ಲಾಶ್ ನಿಂತು ಅವೂ ನಿಂತವು. ಹಾಗಾಗಿ ಹಳೆ ಲೇಖನ ನೋಡಿ ಹುಡುಕಲು ಹೊರಟರೆ ಅರ್ಧಕ್ಕರ್ಧ ತೆರೆಯೋದೇ ಇಲ್ಲ. ಇನ್ನು ಭಾಷೆ. ಎಲ್ಲವೂ ಇಂಗ್ಲಿಷ್ ಮಯ. ಇದನ್ನು ತೊಂದರೆ ಅಂದುಕೊಳ್ಳಬೇಡಿ. ಮಗು ಮೌಸ್ ಹಿಡಿಯಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಬಾಯಲ್ಲಿ ಹೇಳಬೇಕಾಗಿ ಬಂದಾಗ ತಾನಾಗಿಯೇ ಆಟ ನಿಧಾನ ಆಗುತ್ತದೆ, ನಿಧಾನ ಆದಾಗ ಪ್ರಶ್ನೆ ಹುಟ್ಟುತ್ತದೆ.

ಸುಲಭದ್ದರಿಂದ ಶುರು: ಸುಳ್ಳು ಸುದ್ದಿ

ಮೊದಲ ಸಲಕ್ಕೆ ‘ಬ್ಯಾಡ್ ನ್ಯೂಸ್’ ಆಡಿ. ಕೇಂಬ್ರಿಜ್ ವಿಶ್ವವಿದ್ಯಾಲಯದವರು ನೆದರ್‌ಲೆಂಡ್ಸ್‌ನ ಡ್ರಾಗ್ ಎಂಬ ತಂಡದ ಜೊತೆ ಸೇರಿ 2018ರಲ್ಲಿ ಬಿಟ್ಟಿದ್ದು. ಉಚಿತ, ಬ್ರೌಸರ್ ಸಾಕು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಇದರಲ್ಲಿ ನೀವೇ ಕಳ್ಳ. ಸುಳ್ಳು ಹಬ್ಬಿಸಿ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಬೇಕು, ಆದರೆ ಜನ ನಿಮ್ಮ ಮೇಲಿಟ್ಟ ನಂಬಿಕೆಯ ಮಾಪಕ ಸೊನ್ನೆಗೆ ಇಳಿಯಬಾರದು. ದಾರಿಯಲ್ಲಿ ಆರು ಬ್ಯಾಡ್ಜ್ ಸಿಗುತ್ತವೆ: ಬೇರೆಯವರ ವೇಷ ಹಾಕೋದು, ಭಾವನೆ ಕೆರಳಿಸೋದು, ಜನರನ್ನ ಎರಡು ಗುಂಪು ಮಾಡೋದು, ಪಿತೂರಿ ಕಥೆ ಕಟ್ಟೋದು, ಪ್ರಶ್ನೆ ಕೇಳಿದವರ ಹೆಸರು ಕೆಡಿಸೋದು, ಕೆಣಕೋದು.

ಆಡುವಾಗ ಪ್ರತಿ ಬ್ಯಾಡ್ಜ್ ಸಿಕ್ಕ ಕೂಡಲೇ ನಿಲ್ಲಿಸಿ. ಮನೆಯ ವಾಟ್ಸಾಪ್ ಗುಂಪು ತೆರೆದು ಅದೇ ತಂತ್ರದ ಒಂದು ಸಂದೇಶ ಹುಡುಕಿ. ಕಷ್ಟ ಆಗಲ್ಲ, ನಂಬಿ. ವೇಷ ಹಾಕೋದಕ್ಕೆ ನಮ್ಮ ಜಿಲ್ಲೆಯ ಅಪ್ಪಟ ಉದಾಹರಣೆ ಅಂದ್ರೆ ಜಿಲ್ಲಾಧಿಕಾರಿಗಳ ಹೆಸರಲ್ಲಿ ಓಡಾಡೋ ನಕಲಿ ರಜೆ ಆದೇಶ. ಹಳೆಯ ಆದೇಶದ ಫೋಟೊ, ಕೆಳಗೆ ಸಹಿ ಮೊಹರು ಎಲ್ಲ ಸರಿಯಾಗಿಯೇ ಇರುತ್ತದೆ, ದಿನಾಂಕ ಮಾತ್ರ ಬೇರೆ. ದೊಡ್ಡದು ಮಾಡಿ ನೋಡಿದರೆ ದಿನಾಂಕದ ಅಂಕಿಯ ದಪ್ಪ ಉಳಿದ ಅಕ್ಷರಕ್ಕೆ ಹೊಂದಿರಲ್ಲ, ಸುತ್ತ ಹಾಳೆಯ ಬಣ್ಣ ಚೂರು ಬಿಳಿಚಿರುತ್ತದೆ. ಇದನ್ನ ಮಕ್ಕಳು ನಮಗಿಂತ ಬೇಗ ಕಂಡುಹಿಡೀತಾರೆ, ರಜೆ ಬೇಕಾಗಿದ್ದರೂ. ಭಾವನೆ ಕೆರಳಿಸೋದಕ್ಕೆ ಪ್ರತಿ ಮಳೆಗಾಲ ಬರೋ ‘ಡ್ಯಾಮ್ ಒಡೀತಂತೆ, ಈಗಲೇ ಹೊರಡಿ’ ಅನ್ನೋ ಧ್ವನಿ ಸಂದೇಶ ಸಾಕು. ಹೇಳುವವರ ಹೆಸರಿಲ್ಲ, ಊರಿಲ್ಲ, ದಿನಾಂಕವಿಲ್ಲ, ಉಸಿರು ಬಿಡೋ ಸದ್ದು ಮಾತ್ರ ಜೋರು.

ಇಲ್ಲೊಂದು ಎಚ್ಚರಿಕೆ. ಇಂಥ ಗೇಮ್ ಆಡಿದವರು ನಿಜ ಸುದ್ದಿಯನ್ನೂ ಅನುಮಾನಿಸೋಕೆ ಶುರು ಮಾಡ್ತಾರೆ ಅನ್ನೋ ಟೀಕೆ ಸಂಶೋಧಕರ ನಡುವೆಯೇ ಇದೆ. ಪರಿಣಾಮ ದಿನ ಕಳೆದ ಹಾಗೆ ಇಳಿಯುತ್ತೆ, ಆಗಾಗ ನೆನಪಿಸಬೇಕು ಅಂತಲೂ ಕಂಡುಬಂದಿದೆ. ಹಾಗಾಗಿ ಆಡಿದ ಮೇಲೆ ಹತ್ತು ಸಂದೇಶ ಆರಿಸಿ, ಐದು ನಿಜ, ಐದು ಸುಳ್ಳು. ಯಾವುದು ನಿಜ ಅಂತ ಹೇಳಿದವರಿಗೂ ಅಂಕ ಕೊಡಿ. ‘ಎಲ್ಲಾ ಸುಳ್ಳು ಬಿಡಿ’ ಅನ್ನೋರು ಐದೇ ಅಂಕಕ್ಕೆ ನಿಲ್ಲಬೇಕು. ಒಂದು ತಿಂಗಳು ಬಿಟ್ಟು ಹೊಸ ಹತ್ತು ಸಂದೇಶ ಇಟ್ಟು ಮತ್ತೆ ಆಡಿ.

ರಾಕೆಟ್ ಹಾರಿಸಿ ನೋಡಿ

ವಿಜ್ಞಾನಕ್ಕೆ ಒಂದೇ ಒಂದು ಗೇಮ್ ಕೊಳ್ಳೋದಾದರೆ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಕೊಳ್ಳಿ. ಮೊದಲನೆಯದು, 2015ರಲ್ಲಿ ಪೂರ್ತಿಯಾಗಿ ಬಂದದ್ದು. ಎರಡನೆಯದು 2023ರಲ್ಲಿ ಅರ್ಧಂಬರ್ಧ ಬಂದು ಹಾಗೇ ಉಳಿದಿದೆ, ದುಡ್ಡು ದಂಡ. ಹಳೆಯದು ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಇದರಲ್ಲಿ ಕೆರ್ಬಿನ್ ಅಂತ ಒಂದು ಕಾಲ್ಪನಿಕ ಗ್ರಹ, ಅದಕ್ಕೆರಡು ಚಂದ್ರ, ಹಸಿರು ಬಣ್ಣದ ಪುಟ್ಟ ಯಾತ್ರಿಗಳು. ಬಿಡಿಭಾಗ ಜೋಡಿಸಿ ರಾಕೆಟ್ ಕಟ್ಟಬೇಕು, ಹಾರಿಸಬೇಕು. ಮೊದಲ ದಿನ ಯಾರಿಗೂ ಏನೂ ಹೇಳಿಕೊಡಬೇಡಿ. ಎಲ್ಲರೂ ಮಾಡೋದು ಒಂದೇ: ನೇರ ಮೇಲಕ್ಕೆ ಬಿಡ್ತಾರೆ. 70 ಕಿ.ಮೀ. ದಾಟುತ್ತೆ, ಅಲ್ಲಿಗೆ ವಾತಾವರಣ ಮುಗಿಯುತ್ತೆ, ಬಾಹ್ಯಾಕಾಶ ಬಂತು ಅಂತ ಚಪ್ಪಾಳೆ. ಆಮೇಲೆ ನಿಧಾನಕ್ಕೆ ವಾಪಸ್ ಬೀಳುತ್ತೆ. ‘ಮಾಮ, ಅಷ್ಟು ಮೇಲೆ ಹೋದ್ಮೇಲೂ ಯಾಕೆ ಬೀಳುತ್ತೆ?’ ಅಂತ ನಮ್ಮ ಅಕ್ಕನ ಮಗಳು ಕೇಳಿದ್ದು ಇಲ್ಲೇ. ಎತ್ತರ ಅಲ್ಲ, ಅಡ್ಡಕ್ಕೆ ಹೋಗೋ ವೇಗ ಬೇಕು ಅನ್ನೋದು ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಇಲ್ಲಿ ರಾಕೆಟ್ ಓರೆ ಮಾಡಿ, ಸೆಕೆಂಡಿಗೆ ಸುಮಾರು 2.2 ಕಿ.ಮೀ. ವೇಗ ಮುಟ್ಟಿಸಿದಾಗ, ಬೀಳುವ ಗೆರೆ ಬಗ್ಗಿ ಬಗ್ಗಿ ಗ್ರಹದ ಸುತ್ತ ಮುಚ್ಚಿಕೊಳ್ಳೋದನ್ನ ಕಣ್ಣಾರೆ ನೋಡಬಹುದು.

ಈಗ ಹಾಳೆಯ ಪ್ರಶ್ನೆಗೆ ಬನ್ನಿ. ಚಂದ್ರಯಾನ-3 ಹೊರಟಿದ್ದು 2023ರ ಜುಲೈ 14ಕ್ಕೆ. ಭೂಮಿಯ ಸುತ್ತಲೇ ಸುತ್ತುತ್ತಾ, ಕಕ್ಷೆ ದೊಡ್ಡದು ಮಾಡಿಕೊಳ್ಳುತ್ತಾ ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿಯಿತು, 5ಕ್ಕೆ ಚಂದ್ರನ ಕಕ್ಷೆ ಸೇರಿತು, 23ಕ್ಕೆ ಇಳಿಯಿತು. ಅಮೆರಿಕದ ಅಪೊಲೊ 11 ಮಾತ್ರ 1969ರ ಜುಲೈ 16ಕ್ಕೆ ಹೊರಟು 19ಕ್ಕೇ ಚಂದ್ರನ ಕಕ್ಷೆಯಲ್ಲಿತ್ತು. ಯಾಕೆ ಇಷ್ಟು ವ್ಯತ್ಯಾಸ? ಗೇಮ್‌ನಲ್ಲಿ ಮಾಡಿ ನೋಡಿ. ಕಕ್ಷೆಯಲ್ಲಿ ಗ್ರಹಕ್ಕೆ ಅತಿ ಹತ್ತಿರ ಬಂದಾಗ ಇಂಜಿನ್ ಚೂರು ಉರಿಸಿ, ಎದುರಿನ ತುದಿ ದೂರ ಚಾಚುತ್ತದೆ. ಒಂದು ಸುತ್ತು ಬಂದು ಮತ್ತೆ ಅದೇ ಜಾಗದಲ್ಲಿ ಉರಿಸಿ, ಇನ್ನೂ ದೂರ. ಹೀಗೆ ಕಂತು ಕಂತಾಗಿ ಹೋದರೆ ಸಣ್ಣ ರಾಕೆಟ್, ಸಣ್ಣ ಇಂಜಿನ್ ಸಾಕಾಗುತ್ತದೆ. ಒಂದೇ ಏಟಿಗೆ ಹೋಗಬೇಕು ಅಂದ್ರೆ ಮೇಲೆ ಮೇಲೆ ಇಂಧನದ ಟ್ಯಾಂಕ್ ಪೇರಿಸಬೇಕು, ಆ ತೂಕ ಎತ್ತೋಕೆ ಕೆಳಗೆ ಇನ್ನೂ ದೊಡ್ಡ ಇಂಜಿನ್ ಬೇಕು. ಮಕ್ಕಳು ಅದನ್ನೂ ಕಟ್ಟಿ ನೋಡಲಿ, ಉಡಾವಣಾ ಕಟ್ಟೆಯ ಮೇಲೇ ಸಿಡಿಯುತ್ತೆ, ಅದೇ ಮಜಾ.

ಇನ್ನು ತಾಳೆ ಆಗದ ಜಾಗ. ಕೆರ್ಬಿನ್ ಭೂಮಿಯ ಹತ್ತನೇ ಒಂದು ಪಾಲಿನಷ್ಟೇ ಅಗಲ, ಹಾಗಾಗಿ 2.2 ಕಿ.ಮೀ. ವೇಗಕ್ಕೇ ಕಕ್ಷೆ ಸಿಗುತ್ತದೆ. ನಮ್ಮ ಭೂಮಿಗೆ ಸುಮಾರು 7.8 ಬೇಕು. ಇನ್ನೂ ದೊಡ್ಡ ಬಿಟ್ಟುಹೋದದ್ದು ಬೇರೆ ಇದೆ. ಈ ಗೇಮ್ ಒಂದು ಹೊತ್ತಿಗೆ ಒಂದೇ ಗ್ರಹದ ಗುರುತ್ವ ಲೆಕ್ಕ ಹಾಕುತ್ತದೆ. ಸೂರ್ಯನನ್ನ ನೋಡೋಕೆ ಕಳಿಸಿದ ನಮ್ಮ ನೌಕೆ ಆದಿತ್ಯ-ಎಲ್1 ನಿಂತಿರೋದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ಭೂಮಿ ಮತ್ತು ಸೂರ್ಯ ಎರಡರ ಎಳೆತವನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಮಾತ್ರ ಸಿಗುವ ಒಂದು ಬಿಂದುವಿನ ಸುತ್ತ. ಅಂದ್ರೆ ಆದಿತ್ಯ-ಎಲ್1 ಅನ್ನು ಈ ಗೇಮ್‌ನಲ್ಲಿ ಹಾರಿಸೋಕೇ ಆಗಲ್ಲ, ಆ ಜಾಗವೇ ಇಲ್ಲ! ಪ್ರಿನ್ಸಿಪಿಯಾ ಅನ್ನೋ ಉಚಿತ ಮಾಡ್ (ಗೇಮ್‌ಗೆ ಆಮೇಲೆ ಸೇರಿಸೋ ತುಣುಕು) ಹಾಕಿದರೆ ಮಾತ್ರ ಎಲ್ಲ ಗುರುತ್ವವೂ ಬರುತ್ತದೆ, ಆಟವೂ ವಿಪರೀತ ಕಷ್ಟ ಆಗುತ್ತದೆ. ಹತ್ತನೇ ಕ್ಲಾಸಿನವರಿಗೆ ಇದನ್ನ ಮೊದಲೇ ಹೇಳಬೇಡಿ. ‘ಆದಿತ್ಯನ್ನ ಕಳಿಸಿ ನೋಡೋಣ’ ಅಂತ ಬಿಟ್ಟುಬಿಡಿ. ಯಾಕೆ ಆಗ್ತಿಲ್ಲ ಅಂತ ಅವರೇ ಹುಡುಕಿಕೊಂಡು ಬರಲಿ.

ಬರೆ, ನೀರು, ಮನೆ

ಇದು ನಮಗೆ ತೀರಾ ಹತ್ತಿರದ ವಿಷಯ, ಹಾಗಾಗಿ ಒಂದು ಮಾತು ಮೊದಲೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಮನೆ ತೋಟ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. 2019ರಲ್ಲಿ ತೋರ ಅನ್ನೋ ಊರಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲೂ ಗುಡ್ಡ ಜರಿಯಿತು. ಆಡೋಕೆ ಕೂತ ಗುಂಪಿನಲ್ಲಿ ಅಂಥ ಮನೆಯ ಮಗು ಇದ್ದರೆ ಪಕ್ಕಕ್ಕೆ ಕರೆದು ಕೇಳಿ, ಬೇಡ ಅಂದ್ರೆ ಬೇಡ. ತೆರೆ ಮೇಲೆ ಊರು ಮುಳುಗೋದು ಎಲ್ಲರಿಗೂ ಆಟ ಅಲ್ಲ.

‘ಸ್ಟಾಪ್ ಡಿಸಾಸ್ಟರ್ಸ್’ ಅನ್ನೋದು ವಿಶ್ವಸಂಸ್ಥೆಯ ವಿಪತ್ತು ವಿಭಾಗದವರು ಮಾಡಿಸಿದ ಉಚಿತ ಗೇಮ್. ಪ್ರವಾಹ, ಸುನಾಮಿ, ಭೂಕಂಪ, ಕಾಡ್ಗಿಚ್ಚು, ಚಂಡಮಾರುತ ಅಂತ ಐದು ಬಗೆ. ಪ್ರವಾಹ ಆರಿಸಿ. ಚೌಕ ಚೌಕದ ನಕ್ಷೆ ಸಿಗುತ್ತೆ, ಇಷ್ಟು ದುಡ್ಡು, ಇಷ್ಟು ಹೊತ್ತು ಅಂತ ಮಿತಿ ಇರುತ್ತೆ. ಮನೆ, ಶಾಲೆ, ಆಸ್ಪತ್ರೆ ಕಟ್ಟಬೇಕು, ತಡೆಗೋಡೆ ಹಾಕಬೇಕು, ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಬೇಕು. ಹೊತ್ತು ಮುಗಿದ ಕೂಡಲೇ ನೀರು ಬರುತ್ತೆ, ಆಮೇಲೆ ಲೆಕ್ಕ ಒಪ್ಪಿಸುತ್ತೆ, ಎಷ್ಟು ನಷ್ಟ, ಎಷ್ಟು ಜನ ಹೋದರು ಅಂತ. ಮೊದಲ ಸಲ ಸುಮ್ನೆ ಆಡಿ. ಎರಡನೇ ಸಲ ಬೇಕಂತಲೇ ಕೆಡಿಸಿ ಆಡಿ: ದುಡ್ಡೆಲ್ಲ ಮನೆಗೆ ಹಾಕಿ, ರಕ್ಷಣೆಗೆ ಒಂದು ಪೈಸೆಯೂ ಬೇಡ. ಮೂರನೇ ಸಲ ಅದರ ತಿರುವುಮುರುವು. ಯಾವುದಕ್ಕೆ ಗೇಮ್ ಬೈಯುತ್ತೆ, ಯಾವುದಕ್ಕೆ ಮೆಚ್ಚುತ್ತೆ ಅಂತ ಬರೆದುಕೊಳ್ಳಿ. ಮಾಡಿದವರ ನಂಬಿಕೆ ಆ ಪಟ್ಟಿಯಲ್ಲಿ ಸಿಗುತ್ತದೆ. ಯಾವ ಗೇಮ್ ಆದರೂ ಈ ಕೆಡಿಸಿ ಆಡೋ ಉಪಾಯ ಬಿಡಬೇಡಿ, ಚೆನ್ನಾಗಿ ಆಡಿ ತಿಳಿಯೋದಕ್ಕಿಂತ ಕೆಟ್ಟದಾಗಿ ಆಡಿ ತಿಳಿಯೋದು ಜಾಸ್ತಿ.

ಆಮೇಲೆ ಕೊಡಗಿಗೆ ಬನ್ನಿ. ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತಲ್ಲ, ಬೆಳಗ್ಗೆ ಮಾಪಕದ ನೀರು ಅಳೆದು ಇಷ್ಟು ಇಂಚು ಇಷ್ಟು ಸೆಂಟ್ ಅಂತ ಬರೆದಿಡೋದು, ಅದನ್ನ ಅಜ್ಜನ ಹತ್ತಿರ ಕೇಳಿ ತಗೊಳ್ಳಿ. 2018ರ ಜೂನ್‌ನಿಂದ ಆಗಸ್ಟ್‌ವರೆಗಿನ ಪುಟ ತೆಗೀರಿ. ಗೇಮ್‌ನಲ್ಲಿ ಅನಾಹುತ ಅಂದ್ರೆ ಗಡಿಯಾರ ಮುಗಿದಾಗ ಬರೋ ಒಂದು ಘಟನೆ. ಪುಸ್ತಕದಲ್ಲಿ ಹಾಗಿಲ್ಲ. ದಿನ ದಿನದ ಮಳೆ ಕೂಡಿಸುತ್ತಾ ಹೋಗಿ, ಬೇಕಾದರೆ ಗ್ರಾಫ್ ಹಾಳೆಯಲ್ಲಿ ಗೆರೆ ಎಳೀರಿ. ಜರಿದ ದಿನದ ಮಳೆ ಮಾತ್ರ ಲೆಕ್ಕಕ್ಕೆ ಬರಲ್ಲ, ಅದಕ್ಕೂ ಮೊದಲು ವಾರಗಟ್ಟಲೆ ಮಣ್ಣು ಕುಡಿದ ನೀರೂ ಬರುತ್ತೆ ಅನ್ನೋದು ಆ ಗೆರೆಯಲ್ಲೇ ಕಾಣುತ್ತದೆ.

ಇನ್ನೊಂದು. ಗೇಮ್‌ನಲ್ಲಿ ಇಡೀ ನಕ್ಷೆ ನಿಮ್ಮದು, ಎಲ್ಲಿ ಬೇಕಾದರೂ ಕಟ್ಟಿ, ಬೇಡದ್ದನ್ನ ಕೆಡವಿ. ನಮ್ಮಲ್ಲಿ ಒಂದೊಂದು ಜಾಗಕ್ಕೂ ಒಂದೊಂದು ಬಗೆಯ ಹಕ್ಕು: ಅದು ಜಮ್ಮಾ (ವಂಶದಿಂದ ಬಂದ ಭೂಮಿ), ಇದು ಬಾಣೆ (ಗದ್ದೆಗೆ ಸೇರಿದ ಕಾಡುಜಾಗ), ಪಕ್ಕದ್ದು ಪೈಸಾರಿ (ಸರ್ಕಾರಿ ಜಾಗ), ಆಚೆಗೆ ಅರಣ್ಯ. ಭೂವೈಜ್ಞಾನಿಕ ಸರ್ವೇಕ್ಷಣೆಯವರು 2018ರ ನಂತರ ಬಂದು ನೋಡಿದಾಗ ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಅಂತ ಗುಡ್ಡ ಕಡಿದದ್ದನ್ನೂ ಕಾರಣ ಅಂದರು. ಕಡಿದವರು ಯಾರು ಅಂದ್ರೆ ಒಬ್ಬರಲ್ಲ. ಐದು ಸೆಂಟ್ ಜಾಗದಲ್ಲಿ ಮನೆ ಮಾಡಬೇಕಾದವರೂ ಹೌದು, ಹೋಂಸ್ಟೇಗೆ ನೋಟ ಬೇಕು ಅಂದವರೂ ಹೌದು, ರಸ್ತೆ ಅಗಲ ಆಗಲಿ ಅಂತ ಅರ್ಜಿ ಕೊಟ್ಟ ನಾವೆಲ್ಲರೂ ಹೌದು. ಇದನ್ನ ಗೇಮ್ ಒಳಗೆ ತರೋಕೆ ಒಂದೇ ಗಣಕಕ್ಕೆ ಮೂರು ಜನ ಕೂರಿ. ಒಬ್ಬರು ಮನೆ ಬೇಕಾದವರು, ಒಬ್ಬರು ಹೋಂಸ್ಟೇಯವರು, ಒಬ್ಬರು ಪಂಚಾಯಿತಿ. ಮೂವರೂ ಒಪ್ಪಿದರೆ ಮಾತ್ರ ಮೌಸ್ ಒತ್ತಬಹುದು. ಅರ್ಧ ನಕ್ಷೆ ಖಾಲಿ ಇರುವಾಗಲೇ ನೀರು ಬಂದುಬಿಡುತ್ತೆ.

ಗಡಿಯಲ್ಲಿ ಕೂತವನ ಕೆಲಸ

‘ಪೇಪರ್ಸ್, ಪ್ಲೀಸ್’ 2013ರದ್ದು, ಲೂಕಸ್ ಪೋಪ್ ಎಂಬವರು ಮಾಡಿದ್ದು. ಆರ್ಸ್ಟೋಟ್ಸ್ಕಾ ಅನ್ನೋ ಕಾಲ್ಪನಿಕ ದೇಶದ ಗಡಿಯಲ್ಲಿ ನೀವು ಗುಮಾಸ್ತ. ಜನ ಬರ್ತಾರೆ, ಕಾಗದ ಕೊಡ್ತಾರೆ, ನೋಡಿ ಮೊಹರು ಹೊಡೀಬೇಕು. ತಲೆ ಎಣಿಸಿ ಸಂಬಳ. ತಪ್ಪಿ ಯಾರನ್ನಾದರೂ ಬಿಟ್ಟರೆ ಎರಡು ಸಲ ಎಚ್ಚರಿಕೆ, ಆಮೇಲೆ ದಂಡ. ಸಂಜೆ ಆ ಸಂಬಳದಲ್ಲಿ ಬಾಡಿಗೆ, ಊಟ, ಚಳಿಗೆ ಬೆಂಕಿ, ಮಗನಿಗೆ ಔಷಧಿ. ಒಂದು ದಿನ ಗಂಡ ಬರ್ತಾನೆ, ಕಾಗದ ಸರಿ ಇರುತ್ತೆ. ಹಿಂದೆಯೇ ಹೆಂಡತಿ ಬರ್ತಾಳೆ, ಅವಳ ಹತ್ತಿರ ಪ್ರವೇಶ ಪತ್ರ ಇಲ್ಲ. ಬಿಟ್ಟರೆ ನಿಮ್ಮ ಲೆಕ್ಕಕ್ಕೆ ಒಂದು ತಪ್ಪು. ಏನ್ಮಾಡ್ತೀರಿ?

ಕೊರೊನಾ ಕಾಲದಲ್ಲಿ ಮಾಕುಟ್ಟ, ಕುಟ್ಟ ಚೆಕ್‌ಪೋಸ್ಟ್‌ಗಳಲ್ಲಿ ಆರ್‌ಟಿಪಿಸಿಆರ್ ರಿಪೋರ್ಟ್ ಹಿಡಿದು ನಿಂತವರಿಗೆ ಈ ಗೇಮ್ ವಿವರಿಸಬೇಕಾಗಿಲ್ಲ. ಆದರೆ ನಾವೆಲ್ಲ ನಿಂತಿದ್ದು ಈಚೆ ಕಡೆ. ಇದು ಆಚೆ ಕಡೆ ಕೂರಿಸುತ್ತೆ. ಹದಿನೈದು ದಾಟಿದ ಮಕ್ಕಳ ಜೊತೆ ಆಡಿ, ತಪಾಸಣೆಯ ಬೆತ್ತಲೆ ಚಿತ್ರ ಬರದ ಹಾಗೆ ಮಾಡೋ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಮೊದಲೇ ಒತ್ತಿ. ಆಡಿ ಮುಗಿಸಿ ನಿರಾಶ್ರಿತರ ಬಗ್ಗೆಯೋ ವೀಸಾ ಬಗ್ಗೆಯೋ ಆ ವಾರ ಬಂದ ಯಾವುದಾದರೂ ಸುದ್ದಿ ಜೋರಾಗಿ ಓದಿ. ಅದರಲ್ಲಿ ಗುಮಾಸ್ತ ಎಲ್ಲಿದ್ದಾನೆ ಅಂತ ಹುಡುಕಿ. ಹೆಚ್ಚಿನ ವರದಿಗಳಲ್ಲಿ ಅವನು ಇರೋದೇ ಇಲ್ಲ.

‘ದಿಸ್ ವಾರ್ ಆಫ್ ಮೈನ್’ ಇನ್ನೂ ಭಾರ. 2014ರಲ್ಲಿ ಪೋಲೆಂಡ್‌ನ 11 ಬಿಟ್ ಸ್ಟುಡಿಯೋಸ್ ಮಾಡಿದ್ದು, 1992ರಿಂದ 96ರವರೆಗೆ ನಡೆದ ಸರಯೇವೊ ಮುತ್ತಿಗೆಯಿಂದ ಪ್ರೇರಣೆ. ಇಲ್ಲಿ ನೀವು ಸೈನಿಕರಲ್ಲ, ಮುರುಕು ಮನೆಯಲ್ಲಿ ಅಡಗಿದ ಸಾಮಾನ್ಯ ಜನ. ಔಷಧಿಗಾಗಿ ಮುದುಕ ಮುದುಕಿಯ ಮನೆಯಿಂದ ಕದಿಯಬೇಕಾಗಿ ಬರಬಹುದು. ಪೋಲೆಂಡ್ ಸರ್ಕಾರ 2020ರಲ್ಲಿ ಇದನ್ನ ಶಾಲೆಗಳ ಓದಿನ ಪಟ್ಟಿಗೆ ಸೇರಿಸುತ್ತೇವೆ ಅಂತ ಘೋಷಿಸಿತು. ಮೊಬೈಲ್‌ನಲ್ಲೂ ಸಿಗುತ್ತೆ. ದೊಡ್ಡವರಿಗೆ ಮಾತ್ರ, ಮಲಗೋ ಮುಂಚೆ ಬೇಡ.

ರೋಗ, ಪ್ರೋಟೀನು: ಎರಡು ಮಾತಲ್ಲಿ

‘ಪ್ಲೇಗ್ ಇಂಕ್’ ಎಲ್ಲ ಹುಡುಗರ ಮೊಬೈಲಲ್ಲೂ ಇದೆ, ರೋಗಾಣುವಾಗಿ ಲೋಕ ಮುಗಿಸೋ ಆಟ. 2020ರ ಜನವರಿಯಲ್ಲಿ ಜನ ಕೊರೊನಾ ಬಗ್ಗೆ ತಿಳಿಯೋಕೆ ಇದನ್ನ ಆಡಲು ಮುಗಿಬಿದ್ದಾಗ, ಮಾಡಿದವರೇ ‘ಇದು ಗೇಮ್, ವೈಜ್ಞಾನಿಕ ಮಾದರಿ ಅಲ್ಲ’ ಅಂತ ಹೇಳಬೇಕಾಯಿತು. ಆ ವರ್ಷದ ಕೊನೆಗೆ ರೋಗ ತಡೆಯೋ ಆವೃತ್ತಿಯನ್ನೂ ತಂದರು, ಆಡೋದಾದರೆ ಅದನ್ನ ಆಡಿ. ನನಗೆ ಇದಕ್ಕಿಂತ ಇಷ್ಟ ಆಗೋದು 2005ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅನ್ನೋ, ತುಂಬಾ ಜನ ಒಟ್ಟಿಗೆ ಆಡೋ ಆನ್‌ಲೈನ್ ಗೇಮ್ ಒಳಗೆ ಯಾರೂ ಯೋಜಿಸದೆ ಹಬ್ಬಿದ ರಕ್ತದ ಸೋಂಕು. ಒಂದು ರಾಕ್ಷಸನ ಗುಹೆಯಲ್ಲಿ ಮಾತ್ರ ಇರಬೇಕಾಗಿದ್ದ ಶಾಪ ಆಟಗಾರರ ಸಾಕುಪ್ರಾಣಿಗಳ ಮೂಲಕ ಊರಿಗೆ ಬಂತು. ಕೆಲವರು ಓಡಿಹೋದರು, ಕೆಲವರು ಗುಣಪಡಿಸಲು ನಿಂತರು, ಕೆಲವರು ನೋಡೋಕೆ ಅಂತಲೇ ಬಂದು ಹಚ್ಚಿಸಿಕೊಂಡರು, ಕೆಲವರು ಬೇಕಂತಲೇ ಹಂಚಿದರು. ಅಲ್ಲಿ ನಿಜವಾದದ್ದು ರೋಗ ಅಲ್ಲ, ಜನ. 2007ರಲ್ಲಿ ಲ್ಯಾನ್ಸೆಟ್ ಬಳಗದ ಸೋಂಕುರೋಗಗಳ ಪತ್ರಿಕೆಯಲ್ಲಿ ಇದರ ಬಗ್ಗೆ ಪ್ರಬಂಧವೇ ಬಂತು. 2020ರಲ್ಲಿ ನಿಮ್ಮ ಊರಲ್ಲಿ ಈ ನಾಲ್ಕೂ ಬಗೆಯವರು ಯಾರು ಯಾರು ಅಂತ ಪಟ್ಟಿ ಮಾಡಿ, ಹೆಸರು ಮಾತ್ರ ಮನೆಯಾಚೆ ಹೋಗಬಾರದು.

‘ಫೋಲ್ಡಿಟ್’ ಬೇರೆ ಜಾತಿಯದ್ದು. ಇಲ್ಲಿ ನೀವು ಆಡಿದ್ದೇ ಸಂಶೋಧನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಬಿಟ್ಟ ಇದರಲ್ಲಿ ಪ್ರೋಟೀನು ಹೇಗೆ ಮಡಚಿಕೊಳ್ಳುತ್ತೆ ಅನ್ನೋ ಒಗಟು ಬಿಡಿಸಬೇಕು. ಕೋತಿಗಳಲ್ಲಿ ಏಡ್ಸ್‌ನಂಥ ರೋಗ ತರೋ ವೈರಸ್ಸಿನ ಒಂದು ಕಿಣ್ವದ ಆಕಾರ ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿರಲಿಲ್ಲ, ಆಟಗಾರರು ಮೂರು ವಾರದಲ್ಲಿ ದಾರಿ ತೋರಿಸಿದರು, 2011ರಲ್ಲಿ ಅದು ಪ್ರಕಟವಾಯಿತು. ಇದರ ಹಿಂದಿದ್ದ ಪ್ರಯೋಗಾಲಯದ ಡೇವಿಡ್ ಬೇಕರ್‌ಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು, ಪ್ರೋಟೀನ್ ವಿನ್ಯಾಸದ ಕೆಲಸಕ್ಕೆ. ಪಿಯುಸಿ ಜೀವಶಾಸ್ತ್ರದವರು ಇಳಿಸಿಕೊಳ್ಳಿ, ಆರಂಭದ ಪಾಠದ ಹಂತಗಳನ್ನ ಹಾರಿಸಬೇಡಿ.

ಕರೆಂಟ್ ಹೋದಾಗ: ನಿಮ್ಮದೇ ಆಟ

ಬೇರೆಯವರ ಗೇಮ್ ಬಿಡಿಸಿ ಅಭ್ಯಾಸ ಆದ ಮೇಲೆ ನೀವೇ ಒಂದು ಮಾಡಿ. ಮೇಜು, ಹಾಳೆ, ದಾಳ ಸಾಕು.

ಕಾವೇರಿ ನೀರು ಹಂಚೋ ಆಟದಿಂದ ಶುರು ಮಾಡಿ. 74 ಕಾಫಿ ಬೀಜ ಎಣಿಸಿಡಿ, ಒಂದು ಬೀಜಕ್ಕೆ 10 ಟಿಎಂಸಿ ನೀರು (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ). ಒಟ್ಟು 740 ಟಿಎಂಸಿ ಅನ್ನೋದೇ ಹಂಚಿಕೆಯ ಲೆಕ್ಕ. 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10, ತಡೆಯಲಾಗದೆ ಸಮುದ್ರಕ್ಕೆ ಹೋಗೋದಕ್ಕೆ 4. ಬೀಜದ ಲೆಕ್ಕದಲ್ಲಿ ತಮಿಳುನಾಡಿಗೆ ನಲವತ್ತೂವರೆ, ನಮಗೆ ಇಪ್ಪತ್ತೆಂಟೂವರೆ, ಕೇರಳಕ್ಕೆ ಮೂರು, ಉಳಿದದ್ದಕ್ಕೆಲ್ಲ ಎರಡು. ಹಂಚಿ ಮುಗಿಸಿದರೆ ಯಾರೂ ಜಗಳ ಆಡಲ್ಲ, ಒಳ್ಳೆ ಮಳೆ ವರ್ಷ. ಈಗ ದಾಳ ಹಾಕಿ, ಒಂದೋ ಎರಡೋ ಬಿದ್ದರೆ ಇಪ್ಪತ್ತೈದು ಬೀಜ ಎತ್ತಿಬಿಡಿ. ಈಗ ಹಂಚಿ! ಯಾರ ಪಾಲಿನಿಂದ ಎಷ್ಟು ಕಡಿಯೋದು, ಬೆಂಗಳೂರಿನ ಕುಡಿಯೋ ನೀರು ಮೊದಲಾ, ತಂಜಾವೂರಿನ ಭತ್ತ ಮೊದಲಾ, ಮಂಡ್ಯದ ಕಬ್ಬು ಮೊದಲಾ, ಜೂನ್‌ನಲ್ಲಿ ಬಿಡಬೇಕಾ, ಆಗಸ್ಟ್‌ವರೆಗೆ ಕಾಯಬೇಕಾ? 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಬಂದ್ ಆಗಿದ್ದು ಈ ಇಪ್ಪತ್ತೈದು ಬೀಜಕ್ಕೇ. ತಮಿಳುನಾಡಾಗಿ ಆಡೋಕೆ ಮನೆಯಲ್ಲಿ ಅತಿ ಜೋರಾಗಿ ಮಾತಾಡೋರನ್ನ ಕೂರಿಸಿ, ಆಗಲೇ ಮಜಾ. ಅಂದ ಹಾಗೆ, ದಾಳ ಹಾಕೋದು ಕೊಡಗು. ನದಿ ಹುಟ್ಟೋದು ಇಲ್ಲಿ, ಮಳೆ ಇಲ್ಲಿ, ಹಂಚಿಕೆಯ ಮೇಜಲ್ಲಿ ಮಾತ್ರ ನಮಗೆ ಬೇರೆ ಕುರ್ಚಿ ಇಲ್ಲ.

ಇದು ಕೈಗೆ ಹತ್ತಿದರೆ ಆನೆ ಆಟ. ದೊಡ್ಡ ಹಾಳೆಯಲ್ಲಿ ನಿಮ್ಮ ಊರಿನ ನಕ್ಷೆ ಬರೀರಿ: ಕಾಡಿನ ಅಂಚು, ತೋಟಗಳು, ಕೆರೆ, ಗದ್ದೆ, ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ), ಶಾಲೆಗೆ ಹೋಗೋ ದಾರಿ. ಕಾಯಿಗಳಿಗೆ ಕಾಳುಮೆಣಸು. ಆಟಗಾರರು ನಾಲ್ವರು: ಆನೆ, ತೋಟದ ಮಾಲೀಕರು, ಅರಣ್ಯ ಇಲಾಖೆ, ತೋಟದ ಕೆಲಸಗಾರರು. ಆನೆಗೆ ದಿನಕ್ಕೊಮ್ಮೆ ನೀರು, ಮೇವು ಸಿಗಲೇಬೇಕು. ಹಲಸು ಹಣ್ಣಾಗೋ ತಿಂಗಳಲ್ಲಿ ತೋಟಕ್ಕೆ ಬಂದರೆ ಎರಡು ಅಂಕ, ಭತ್ತ ಕಟಾವಿನ ಹೊತ್ತಿಗೆ ಗದ್ದೆಗೆ ಬಂದರೆ ಮೂರು. ಮಾಲೀಕರು ಸೋಲಾರ್ ಬೇಲಿ ಹಾಕಬಹುದು. ಇಲಾಖೆ ಕಂದಕ ತೋಡಬಹುದು, ಅಗ್ಗ, ಆದರೆ ಮಳೆಗಾಲ ಬಂದರೆ ಮಣ್ಣು ತುಂಬಿ ದಾಟೋ ಹಾಗಾಗುತ್ತದೆ. ರೈಲು ಕಂಬಿಯ ತಡೆಗೋಡೆ ಹಾಕಬಹುದು, ಅದಕ್ಕೆ ಅರ್ಧ ಖಜಾನೆ ಖಾಲಿ. ಕೆಲಸಗಾರರಿಗೆ ದುಡ್ಡಿಲ್ಲ, ಬೆಳಗ್ಗೆ ಏಳೂವರೆಗೆ ಲೈನ್‌ಮನೆಯಿಂದ ತೋಟಕ್ಕೆ ನಡೆದು ಹೋಗಲೇಬೇಕು, ಅಷ್ಟೇ ಅವರ ನಡೆ.

ಎರಡು ಸುತ್ತು ಆಡಿದರೆ ಆನೆ ಆಡುತ್ತಿರೋರಿಗೆ ಒಂದು ವಿಷಯ ಹೊಳೆಯುತ್ತೆ: ಬೇಲಿ ಹಾಕಿದ ತೋಟದ ಪಕ್ಕದ್ದಕ್ಕೆ ಹೋದರಾಯಿತು. ಮಾಲೀಕರು ಇಬ್ಬರಿದ್ದರೆ ಒಬ್ಬರ ಬೇಲಿ ಇನ್ನೊಬ್ಬರ ತಲೆನೋವು. ಎಲ್ಲ ಕಡೆ ಮುಚ್ಚಿದರೆ ಆನೆ ಕಾಡಿಗೆ ಹೋಗಲ್ಲ, ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ, ತೋಟದಲ್ಲೇ ಉಳಿಯುತ್ತೆ. ಕೆಲಸಗಾರರಾಗಿ ಆಡೋರಿಗೆ ಮಾತ್ರ ಯಾವ ಸುತ್ತಿನಲ್ಲೂ ಹೇಳೋಕೆ ಏನೂ ಇರಲ್ಲ, ಅವರು ಸಿಟ್ಟಾಗ್ತಾರೆ, ಆಗಲಿ. ಆನೆ ಎಲ್ಲಿದೆ ಅಂತ ಬೆಳಗ್ಗೆ ಕೆಲಸಗಾರರಿಗೆ ಮೊದಲೇ ಸುದ್ದಿ ಮುಟ್ಟಿಸೋ ಒಂದು ಕಾರ್ಡ್ ಸೇರಿಸಿ ಮತ್ತೆ ಆಡಿ. ಕಡಿಮೆ ಖರ್ಚಿನಲ್ಲಿ ಯಾವುದು ಹೆಚ್ಚು ಜೀವ ಉಳಿಸಿತು ಅಂತ ಅಂಕ ಹೋಲಿಸಿ.

ನಿಯಮ ಒಂದು ಹದಕ್ಕೆ ಬಂದ ಮೇಲೆ ಗೊತ್ತಿದ್ದವರಿಗೆ ತೋರಿಸಿ. ಲೈನ್‌ಮನೆಯ ಒಬ್ಬ ಅಕ್ಕನನ್ನ, ಆನೆ ಕಾವಲಿಗೆ ಹೋಗೋ ಇಲಾಖೆಯ ಹುಡುಗರನ್ನ ಕೂರಿಸಿ ಆಡಿಸಿ. ‘ಏಳೂವರೆಗೆ ಅಲ್ಲ ಮಾರಾಯ್ರೆ, ಮಂಜು ಇರುವಾಗ ಹತ್ತಡಿ ಆಚೆ ಕಾಣಲ್ಲ, ಅದನ್ನೂ ಸೇರಿಸಿ’ ಅಂತ ಅವರು ಹೇಳೋ ತಿದ್ದುಪಡಿಗಳೇ ನಿಮ್ಮ ಆಟದ ಅತಿ ಒಳ್ಳೆ ಭಾಗ ಆಗೋದು.

ಇದನ್ನ ಕಂಪ್ಯೂಟರ್‌ಗೆ ಏರಿಸೋ ಆಸೆ ಇದ್ದರೆ ಟ್ವೈನ್ ಅನ್ನೋ ತಂತ್ರಾಂಶ ಬಳಸಿ. ಉಚಿತ, ಕೋಡಿಂಗ್ ಬರಬೇಕಾಗಿಲ್ಲ, ಕನ್ನಡ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು. ಒಂದು ಚೌಕದಲ್ಲಿ ಸನ್ನಿವೇಶ ಬರೀರಿ, ಎರಡು ಆಯ್ಕೆ ಕೊಡಿ, ಪ್ರತಿ ಆಯ್ಕೆಯಿಂದ ಮುಂದಿನ ಚೌಕಕ್ಕೆ ಗೆರೆ. ಮೊದಲ ಸಲಕ್ಕೆ ಹತ್ತು ಹನ್ನೆರಡು ಚೌಕ ಸಾಕು, ಜಾಸ್ತಿ ಮಾಡಿದರೆ ಮುಗಿಯೋದೇ ಇಲ್ಲ. ಮುಗಿಸಿದ ಮೇಲೆ ಒಂದೇ ಒಂದು ಫೈಲ್ ಬರುತ್ತೆ, ಅದನ್ನ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಯಾವ ಮೊಬೈಲ್‌ನ ಬ್ರೌಸರ್‌ನಲ್ಲಾದರೂ ತೆರೆಯುತ್ತೆ.